ಲಿಂಡೆನ್ ಬೀದಿಯ ಹಳದಿ ಕುರ್ಚಿ

ಲಿಂಡೆನ್ ಬೀದಿ, ಶಿಕಾಗೊ
೨೧೯೪, ಎರಡನೆಯ ಜನವರಿ ೯, ಭಾನುವಾರ

ನಮಗಿಂತ ಮೊದಲು ಈ ಊರಿನಲ್ಲಿ ಬಾಳಿದವರಿಗೆ,

ತಾರೀಖನ್ನು ನೋಡಿ ನಾನೇನೋ ತಪ್ಪು ಬರೆದಿದ್ದೇನೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಜನವರಿ ಎರಡು ಸಲ ಬರುತ್ತದೆ. ಚಳಿಗಾಲ ಉದ್ದವಾಗುತ್ತ ಬಂದು ತಿಂಗಳುಗಳ ಲೆಕ್ಕಕ್ಕೆ ಅರ್ಥವಿಲ್ಲದಂತಾದಾಗ, ನಿಮ್ಮ ಪಂಚಾಂಗದ ಅಧಿಕ ಮಾಸದ ಹಾಗೆ ಊರಿನವರು ಇನ್ನೊಂದು ಜನವರಿಯನ್ನು ಸೇರಿಸಿಕೊಂಡು ಆಗಸ್ಟನ್ನು ಕೈಬಿಟ್ಟರು. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಈ ಬೀದಿಯಲ್ಲಿ ಅದನ್ನು ಆಡುವವರು ಅಮ್ಮ ಮತ್ತು ನಾನು, ಇಬ್ಬರೇ. ಬೀದಿಯ ಮಾತು ಐದಾರು ಭಾಷೆಗಳ ಬೆರಕೆ. ಅವರಿವರು ಆಡಿದ್ದನ್ನು ನಮ್ಮ ಮನೆಮಾತಿಗೆ ತಂದು ಬರೆಯುತ್ತಿದ್ದೇನೆ.

ಸಾಹಿತ್ಯದ ಪದವಿ ಮುಗಿಸಿದವರು ಒಂದು ಹಿಂದೋಲೆ ಬರೆಯಬೇಕೆಂಬುದು ಇಲ್ಲಿಯ ವಾಡಿಕೆ. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಕಾಗದ. ಅದು ಹೇಗೆ ತಲುಪುತ್ತದೆ ಎಂದು ಯಾರೂ ಕೇಳುವುದಿಲ್ಲ. ನನ್ನ ಜೊತೆಯವರು ಸರೋವರದ ನೀರಿನ ಬಗ್ಗೆ, ಮುಳುಗಿಹೋದ ಕರಾವಳಿಗಳ ಬಗ್ಗೆ ಬರೆದರು. ಅಷ್ಟು ದೊಡ್ಡ ಸಂಗತಿಗಳು ನನ್ನ ಕೈಗೆ ಒಗ್ಗುವುದಿಲ್ಲ. ನಾನು ಒಂದು ಬಂಡಿ ನಿಲ್ದಾಣದ ಬಗ್ಗೆ, ಅದನ್ನೇ ನಂಬಿಕೊಂಡಿದ್ದ ಡೆಲ್ಫೀನಾ ಅಜ್ಜಿಯ ಬಗ್ಗೆ ಬರೆಯುತ್ತೇನೆ.

ನಿಮ್ಮ ಕಾಲದಲ್ಲಿ ಈ ಊರಿನ ಮನೆಗಳ ಮುಂದೆ ಕಾರುಗಳು ಸಾಲಾಗಿ ನಿಲ್ಲುತ್ತಿದ್ದವಂತೆ. ಹಿಮ ಬಿದ್ದ ಬೆಳಿಗ್ಗೆ ಸಲಿಕೆ ಹಿಡಿದು ಕಾರಿನ ಜಾಗವನ್ನು ತೋಡಿಕೊಂಡವರು, ಹೊರಗೆ ಹೋಗುವಾಗ ಅಲ್ಲೊಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಿದ್ದರಂತೆ. ಬೆನ್ನು ಮುರಿದು ತೋಡಿದ ಜಾಗ ತಮ್ಮದು ಎಂಬುದಕ್ಕೆ ಅದೇ ಗುರುತು. ಈಗ ಕಾರುಗಳಿಲ್ಲ, ಕುರ್ಚಿಗಳಿವೆ. ನಾವು ಇದನ್ನು ಕುರ್ಚಿ ಮರ್ಯಾದೆ ಎನ್ನುತ್ತೇವೆ. ಹಿಮ ತೆಗೆದು ಕುರ್ಚಿ ಇಟ್ಟವರಿಗೆ ಹಿಮ ಕರಗುವವರೆಗೂ ಆ ಜಾಗ ಸ್ವಂತ. ಬೇಕರಿಯ ವೊಯ್ತೆಕ್ ತನ್ನ ಜಾಗದಲ್ಲಿ ಬಿಸಿ ಬೀಟ್‌ರೂಟ್ ಸೂಪು ಮಾರುತ್ತಾನೆ. ಅಮ್ಮ ಬಿಸಿಲು ಬಂದಾಗ ಕೂತು, ತಾರಸಿಯ ಗಾಜಿನ ಮನೆಯಲ್ಲಿ ಬೆಳೆದ ಅವರೆಕಾಯಿ ಸುಲಿಯುತ್ತಾಳೆ. ಇನ್ನೊಬ್ಬರ ಕುರ್ಚಿಯನ್ನು ಸರಿಸುವುದಿರಲಿ, ಅದರ ಸುತ್ತ ಬಿದ್ದ ಹಿಮಕ್ಕೂ ಯಾರೂ ಸಲಿಕೆ ತಾಗಿಸುವುದಿಲ್ಲ. ಹಾಗೆ ಮಾಡಿದರೆ, ನಿನ್ನ ಕೈಲಿ ಆಗುವುದಿಲ್ಲ ಎಂದು ಮುಖಕ್ಕೆ ಹೇಳಿದಂತೆ.

ಡೆಲ್ಫೀನಾ ಅಜ್ಜಿ ನಮ್ಮ ಎದುರು ಮನೆಯವರು. ಎಪ್ಪತ್ತು ದಾಟಿದೆ. ಅವರ ತಂಗಿ ರಮೋನಾ ಸರೋವರದ ದಡದ ಆರೈಕೆ ಮನೆಯಲ್ಲಿದ್ದಾರೆ. ರಮೋನಾಗೆ ಈಗ ಯಾರ ಗುರುತೂ ಇಲ್ಲ. ಆದರೆ ಭಾನುವಾರ ಅಕ್ಕ ಹೋಗಿ ತಲೆ ಬಾಚಿದರೆ ಆ ಹೊತ್ತು ಹೊಟ್ಟೆ ತುಂಬ ಉಣ್ಣುತ್ತಾರೆ. ಅಲ್ಲಿಗೆ ಅಜ್ಜಿ ಹೋಗುತ್ತಿದ್ದುದು ನಮ್ಮ ಬೀದಿಯ ಕೊನೆಯಲ್ಲಿ ನಿಲ್ಲುವ ಸಾಲುಬಂಡಿಯಲ್ಲಿ. ಸಾಲುಬಂಡಿ ಎಂದರೆ ಚಾಲಕನಿಲ್ಲದೆ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಓಡುವ ಸಣ್ಣ ಬಂಡಿಗಳು. ನಿಲ್ದಾಣದ ಹಿಮವನ್ನು ಆಯಾ ಬೀದಿಯವರೇ ತೆಗೆಯಬೇಕು. ನಗರಾಡಳಿತದ ವಾರ್ಡ್ ಕಚೇರಿಯವರು ನೋಡಲು ಬಂದಾಗಲೆಲ್ಲ ನಿಲ್ದಾಣ ಹಿಮದಡಿ ಇದ್ದರೆ, ಈ ಬೀದಿಗೆ ಅದು ಬೇಡವಾಗಿದೆ ಎಂದು ತಿಳಿದು ರದ್ದು ಮಾಡುತ್ತಾರೆ.

ಮೊದಲ ಜನವರಿಯಲ್ಲಿ ಒಂದು ದಿನ ಆ ನಿಲ್ದಾಣದ ನಡುವೆ ಅಜ್ಜಿಯ ಹಳದಿ ಮಡಿಸುವ ಕುರ್ಚಿ ಕಾಣಿಸಿತು. ಅವರೇನೋ ಅಂಗಡಿ ಇಡಲಿದ್ದಾರೆ ಎಂದು ಎಲ್ಲರೂ ಊಹಿಸಿದೆವು. ವೊಯ್ತೆಕ್ ತನ್ನ ಸೂಪಿಗೆ ಪೈಪೋಟಿ ಬಂತು ಎಂದು ನಗೆಯಾಡಿದ. ಮಾರನೆಯ ದಿನ ಮತ್ತೆ ಹಿಮ ಬಿತ್ತು, ಆಮೇಲೆ ಇನ್ನೊಮ್ಮೆ. ನಾವು ಬೀದಿಯನ್ನೆಲ್ಲ ತೋಡಿದೆವು, ನಿಲ್ದಾಣವನ್ನು ಬಿಟ್ಟೆವು. ನಾಲ್ಕು ಬೀದಿ ಆಚೆಯ ನಿಲ್ದಾಣಕ್ಕೆ ನಡೆದು ಹೋಗಲು ಶುರುಮಾಡಿದೆವು. ಹಿಮದ ಮೇಲೆ ಕುರ್ಚಿಯ ಬೆನ್ನು ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಹಾದುಹೋಗುವವರು ದನಿ ತಗ್ಗಿಸುತ್ತಿದ್ದರು.

ಆಮೇಲೆ ವಾರ್ಡಿನಿಂದ ಸುದ್ದಿ ಬಂತು. ನಿಲ್ದಾಣ ರದ್ದಾಗಿತ್ತು. ಜಾಗ ಹಿಡಿದುಕೊಂಡು ಹಾಳು ಬಿಟ್ಟರೆ ಹೇಗೆ ಎಂದು ವೊಯ್ತೆಕ್ ಗೊಣಗಿದ. ಆದರೆ ಅಜ್ಜಿಯನ್ನು ಕೇಳಲು ಅವನೂ ಹೋಗಲಿಲ್ಲ. ಅಮ್ಮ ನನ್ನನ್ನು ಕಳಿಸಿದಳು. ನನಗೆ ಮಾತಾಡಲು ಬರುವುದಿಲ್ಲ ಎಂದೆ.

“ಅದೇ ಒಳ್ಳೇದು. ನೀನು ಸುಮ್ನೆ ಕೂತ್ರೆ ಅವರೇ ಮಾತಾಡ್ತಾರೆ” ಎಂದಳು.

ಅಜ್ಜಿಯ ಮನೆಯಲ್ಲಿ ಪೆಟ್ಟಿಗೆ ಅರ್ಧ ತುಂಬಿತ್ತು. ಮಿಲ್ವಾಕಿಯಲ್ಲಿರುವ ಅಣ್ಣನ ಮಗ ಕರೆದಿದ್ದಾನೆ, ಹೊರಡುತ್ತೇನೆ ಎಂದರು. ಹಾಗಾದರೆ ರಮೋನಾರ ಗತಿ ಏನು ಎಂದು ಕೇಳಬೇಕೆನಿಸಿತು. ಕೇಳಿದ್ದು ಮಾತ್ರ, ಕುರ್ಚಿಯನ್ನು ಜಾಗ ಹಿಡಿಯಲು ಇಟ್ಟಿರಾ ಎಂದು. ಅವರು ನನ್ನನ್ನೇ ನೋಡಿದರು.

“ಜಾಗ ಹಿಡಿಯೋಕಾ? ನಿಲ್ದಾಣ ಕಟ್ಕೊಂಡು ನಾನೇನು ಮಾಡ್ಲಿ ಹುಡುಗಿ? ಮಂಡಿ ನೋವು. ಬಂಡಿ ಬರೋ ತನಕ ಕೂತ್ಕೊಳ್ಳೋಣ ಅಂತ ಇಟ್ಟೆ.”

ಪ್ರತಿ ಸಲ ಹೊತ್ತು ತರಲಾರದೆ ಅಲ್ಲೇ ಬಿಟ್ಟಿದ್ದರು. ಹಿಮ ಬಿದ್ದಾಗ, ಎಂದಿನಂತೆ ಯಾರಾದರೂ ತೋಡುತ್ತಾರೆ ಎಂದು ಕಿಟಕಿಯಲ್ಲಿ ಕಾದಿದ್ದರು.

“ಬೀದಿಯೆಲ್ಲ ತೋಡಿದ್ರಿ. ನನ್ನ ಕುರ್ಚಿ ಸುತ್ತ ಮಾತ್ರ ಬಿಟ್ರಿ. ನನ್ನ ಕಂಡ್ರೆ ನಿಮಗೆಲ್ಲ ಆಗಲ್ಲ ಅಂದ್ಕೊಂಡೆ. ಈ ವಯಸ್ಸಲ್ಲಿ ಯಾಕಪ್ಪಾ ಅಂತ ಮನೆಮನೆ ಕೇಳ್ಕೊಂಡು ಹೋಗ್ಲಾ?”

ನಾಲ್ಕು ಬೀದಿ ನಡೆಯಲಾರದೆ ಅಜ್ಜಿ ಮನೆಯಲ್ಲೇ ಉಳಿದಿದ್ದರು. ಅಷ್ಟು ಭಾನುವಾರಗಳೂ ರಮೋನಾರ ತಲೆ ಬಾಚಿದವರಿಲ್ಲ.

ನಾನು ಬೇಕರಿಗೆ ಹೋಗಿ ಹೇಳಿದೆ. ನನ್ನ ಬದುಕಿನಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ವೊಯ್ತೆಕ್ ಕೈಯಲ್ಲಿದ್ದ ಸೌಟನ್ನು ಇಟ್ಟು ಸಲಿಕೆ ಎತ್ತಿಕೊಂಡ. ಸಂಜೆಯೊಳಗೆ ನಿಲ್ದಾಣದ ನೆಲ ಕಾಣಿಸಿತು. ಬೀದಿಯ ಅರ್ಧಕ್ಕರ್ಧ ಜನ ಅಲ್ಲಿದ್ದರು. ಅವನು ಕುರ್ಚಿಯನ್ನು ಒರೆಸಿ, ಮೇಲೊಂದು ಬಿಸಿ ಬ್ರೆಡ್ಡಿಟ್ಟುಕೊಂಡು ಅಜ್ಜಿಯ ಮೆಟ್ಟಿಲ ಮೇಲೆ ನಿಂತ. ನಿಮಗೆ ಮರ್ಯಾದೆ ಕೊಟ್ಟೆವು ಎಂದುಕೊಂಡಿದ್ದೆವು ಎಂದ.

ಅಜ್ಜಿ ಬ್ರೆಡ್ಡು ತೆಗೆದುಕೊಂಡರು. “ಮರ್ಯಾದೆ ಸಾಕು ಕಣಪ್ಪ ವೊಯ್ತೆಕ್. ಇನ್ಮೇಲೆ ಬಾಗಿಲು ತಟ್ಟು.”

ವಾರ್ಡಿನ ಹೆಂಗಸು ನಮ್ಮ ಮಾತನ್ನು ತಾಳ್ಮೆಯಿಂದ ಕೇಳಿದರು, ಕಣ್ಣೂ ಒರೆಸಿಕೊಂಡರು. ಆದರೆ ನಿಯಮ ಬದಲಾಗಲಿಲ್ಲ. ಮುಂದಿನ ಚಳಿಗಾಲ ಕಳೆದ ಮೇಲೆ ನಿಲ್ದಾಣವನ್ನು ಮತ್ತೆ ಕೇಳಬಹುದು. ಅಲ್ಲಿಯವರೆಗೆ ಸಾಲುಬಂಡಿ ನಮ್ಮ ಬೀದಿಯ ಮುಂದೆಯೇ ನಿಲ್ಲದೆ ಓಡುತ್ತದೆ. ಈಗ ಹಿಟ್ಟಿನ ಮೂಟೆ ಎಳೆಯುವ ಜಾರುಬಂಡಿಯಲ್ಲಿ ಅಜ್ಜಿಯನ್ನು ಕೂರಿಸಿ, ಭಾನುವಾರಕ್ಕೊಂದು ಮನೆಯವರು ನಾಲ್ಕು ಬೀದಿ ಆಚೆಯ ನಿಲ್ದಾಣಕ್ಕೆ ಎಳೆದುಕೊಂಡು ಹೋಗುತ್ತೇವೆ. ವೊಯ್ತೆಕ್ ಎಳೆದರೆ ತಿರುವಿನಲ್ಲಿ ಬೀಳಿಸುತ್ತಾನೆ ಎಂದು ಅವರ ದೂರು. ರಮೋನಾ ಮತ್ತೆ ಉಣ್ಣುತ್ತಿದ್ದಾರೆ. ಆದರೆ ಮಿಲ್ವಾಕಿಗೆ ಹೋಗುವುದಿಲ್ಲ ಎಂದು ಅಜ್ಜಿ ಇನ್ನೂ ಹೇಳಿಲ್ಲ. ಮೊನ್ನೆ ನೋಡಿದೆ, ಪೆಟ್ಟಿಗೆ ಹಾಗೇ ಇದೆ. ಬಾಚಣಿಗೆಯೊಂದನ್ನು ಮಾತ್ರ ಹೊರಗೆ ತೆಗೆದಿದ್ದಾರೆ.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಕುರ್ಚಿ ಇಡುವುದನ್ನು ಬಿಡಿ ಎನ್ನುವುದಿಲ್ಲ. ಆದರೆ ನಿಮ್ಮ ಬೀದಿಯಲ್ಲಿ ಯಾರದೋ ಕುರ್ಚಿಯ ಸುತ್ತ ಹಿಮ ಏರುತ್ತಲೇ ಇದ್ದರೆ, ಅದನ್ನು ಇಟ್ಟವರನ್ನು ಒಮ್ಮೆ ಮಾತಾಡಿಸಿ. ಏನು ಹೇಳಬೇಕೆಂದು ತೋಚದಿದ್ದರೆ ಸುಮ್ಮನೆ ಕೂತು ಬನ್ನಿ. ನೀವು ಈಗಲೇ ಅದನ್ನೂ ರೂಢಿ ಮಾಡಿಟ್ಟರೆ, ನಮ್ಮವರೆಗೂ ಬಂದೀತು.

ಈ ಭಾನುವಾರ ನಮ್ಮ ಮನೆಯ ಸರದಿ. ಜಾರುಬಂಡಿ ಮೆಟ್ಟಿಲ ಹತ್ತಿರ ಬಂದಿದೆ, ಅಮ್ಮ ಕಂಬಳಿ ಹುಡುಕುತ್ತಿದ್ದಾಳೆ. ಪೆಟ್ಟಿಗೆಯ ವಿಷಯವನ್ನು ಇವತ್ತು ದಾರಿಯಲ್ಲಿ ನಾನೇ ಕೇಳಬೇಕೆಂದಿದ್ದೇನೆ. ಹೋಗಬೇಡಿ ಎನ್ನಲೂಬೇಕೆಂದಿದ್ದೇನೆ.

ನಿಮ್ಮ ಚಳಿಗಾಲಗಳು ಚಿಕ್ಕವಾಗಿರಲಿ.

ಧರಿತ್ರಿ