ತೊಳೆದು ಕೆಡಿಸಿದ ಕರಿ ಪುಡಿ

ಮಾರ್ಚ್ 4, ಬೆಳಿಗ್ಗೆ 6

ಅಡುಗೆಮನೆ ಸಿಪ್ಪೆಯ ಗೊಬ್ಬರ ಜರಡಿ ಹಿಡಿದದ್ದಾಯಿತು. ಎರಡು ಬಕೆಟ್. ಒಂದು ಚಮಚ ಸಿಕ್ಕಿತು. ಹೆಂಡತಿ ತೀರಿಕೊಂಡು ಮೂರು ವರ್ಷವಾದರೂ ಗುಂಡಿಯಲ್ಲಿ ಅವಳ ಚಮಚಗಳು ಸಿಗುತ್ತಲೇ ಇವೆ. ಇದ್ದಾಗ, ಕಳೆದದ್ದಕ್ಕೆಲ್ಲ ಬೈಸಿಕೊಂಡವನು ನಾನು.

ಇರಲಿ, ವಿಷಯ ಅದಲ್ಲ. ಮಗಳ ಕಾರ್ಖಾನೆಗೆ ನೋಟಿಸ್ ಬಂದಿದೆ. ನೂಲಿಗೆ ಬಣ್ಣ ಹಾಕಿ ಉಳಿದ ನೀಲಿ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಇಪ್ಪತ್ತೆಂಟಕ್ಕೆ ತಪಾಸಣೆ. ನೀರು ತಿಳಿಯಾಗುವ ದಾರಿ ತೋರಿಸದಿದ್ದರೆ ಬೀಗ.

ಮ್ಯಾಗಜೀನಿನಲ್ಲಿ ಓದಿದ್ದೆ — ಗೊಬ್ಬರವನ್ನು ಗಾಳಿಯಾಡದ ಡಬ್ಬದಲ್ಲಿ ಸುಟ್ಟರೆ ಬರುವ ಕರಿ ಪುಡಿಯೇ ಕ್ಯಾಟಲಿಸ್ಟ್. ಬಟ್ಟೆ ಬಿಳುಪಿಗೆ ಹಾಕುವ ಪೆರಾಕ್ಸೈಡ್ ಜೊತೆ ಸೇರಿಸಿದರೆ ಬಣ್ಣವನ್ನೇ ಮುರಿಯುತ್ತದಂತೆ. ಕ್ಯಾಟಲಿಸ್ಟ್ ಈಸ್ ಎ ಸಬ್‌ಸ್ಟನ್ಸ್ ವಿಚ್... ವಿಥೌಟ್ ಇಟ್ಸೆಲ್ಫ್... ಮುಂದಿನದು ಮರೆತಿದೆ. ತಾನು ಸವೆಯದೆ ಕೆಲಸ ಮಾಡಿಸುವಂಥದ್ದು. ಬಿ.ಎಸ್ಸಿ., ಸೆಕೆಂಡ್ ಕ್ಲಾಸ್. ಇಷ್ಟು ಉಳಿದದ್ದೇ ಹೆಚ್ಚು.

ಮಾರ್ಚ್ 9

ಡಬ್ಬವನ್ನು ಬಾಯ್ಲರಿನ ಒಲೆಗೆ ಇಟ್ಟೆ. ಬಣ್ಣ ಕಲಸುವ ಮೇಸ್ತ್ರಿ ಮೂಗು ಮುಚ್ಚಿಕೊಂಡು ಬಂದ. "ಯಜಮಾನ್ರೇ, ಒಳಗೇನು ಬೇಯ್ತಿದೆ? ಇವತ್ತು ನಂಗೆ ಊಟ ಬೇಡಪ್ಪಾ."

ಪುಡಿ ಕಾಡಿಗೆಯಂತೆ ಬಂತು. ಆಸಿಡ್‌ನಲ್ಲಿ ಐದು ಸಲ ತೊಳೆದೆ. ನಮ್ಮ ಪ್ರೊಫೆಸರ್ ಮೇಜು ಕುಟ್ಟಿ ಹೇಳುತ್ತಿದ್ದರು — ಪ್ಯೂರಿಟಿ, ಜಂಟಲ್‌ಮೆನ್, ಪ್ಯೂರಿಟಿ.

ಮಾರ್ಚ್ 11

ಪುಡಿ, ಪೆರಾಕ್ಸೈಡ್ ಹಾಕಿದ ಮೊದಲ ಬಕೆಟ್ ತಿಳಿಯಾಯಿತು. ಮಗಳು ನಕ್ಕಳು. ತುಂಬ ದಿನವಾಗಿತ್ತು.

ಮಾರ್ಚ್ 12

ಅದೇ ಪುಡಿ, ಎರಡನೇ ಬಕೆಟ್ — ಅರ್ಧ ನೀಲಿ. ಮೂರನೆಯದು ಶಾಯಿ. ಕ್ಯಾಟಲಿಸ್ಟೂ ಅಲ್ಲ, ಮಣ್ಣೂ ಅಲ್ಲ. ಬಣ್ಣವನ್ನು ಮುರಿದಿಲ್ಲ, ಸ್ಪಂಜಿನಂತೆ ಹೀರಿದೆ, ಹೊಟ್ಟೆ ತುಂಬಿದ ಮೇಲೆ ಕೈಕೊಟ್ಟಿದೆ. ಮಗಳು ಬಕೆಟ್ ಎತ್ತಿಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 17

ಈ ಡೈರಿ ಮುಟ್ಟಿರಲಿಲ್ಲ. ಗುಂಡಿಯ ಕಡೆಗೂ ಹೋಗಿರಲಿಲ್ಲ.

ಇವತ್ತು ಮಗಳು ಟೀ ತಂದು ಪಕ್ಕದಲ್ಲಿ ಕೂತಳು. "ಅಪ್ಪ, ಪುಡಿ ತೊಳೆದಾಗ ನೀರು ತುಕ್ಕಿನ ಬಣ್ಣ ಬಂತಲ್ಲ. ಅದು ಕಬ್ಬಿಣ ತಾನೇ? ಯಾಕೆ ಚೆಲ್ಲಿಬಿಟ್ಟೆ?"

ಇಂಪ್ಯೂರಿಟಿ ಅಂದೆ. ನಿನಗೆ ಮಗ್ಗಿ ಕಲಿಸಿದವನು ನಾನು ಎಂದೂ ಅಂದೆ. ಅವಳು ಲೋಟ ತೆಗೆದುಕೊಂಡು ಹೋದಳು.

ಸಂಜೆ ಹೊಳೆಯಿತು. ನಮ್ಮ ಗುಂಡಿಯ ಮಣ್ಣೇ ಕೆಂಪು. ಪೆರಾಕ್ಸೈಡನ್ನು ಎಬ್ಬಿಸುವುದು ಆ ಕಬ್ಬಿಣವೇ. ದುಡಿಯುವ ಆಳನ್ನೇ ಹೊರಗಟ್ಟಿ ಅಂಗಡಿ ಗುಡಿಸಿ ಕೂತವನ ಹಾಗೆ, ಅದನ್ನೇ ತೊಳೆದು ಚೆಲ್ಲಿದ್ದೆ, ಪುಣ್ಯಾತ್ಮ. ಅವಳಿಗೆ ಬಾಯಿಬಿಟ್ಟು ಹೇಳಲಿಲ್ಲ. ಹೊಸ ಡಬ್ಬ ಒಲೆಗೆ ಇಟ್ಟು ಬಂದೆ. ನೋಡಿದಳು.

ಮಾರ್ಚ್ 22

ತೊಳೆಯದ ಪುಡಿ. ನಿಧಾನ, ಎರಡು ಗಂಟೆ ಹಿಡಿಯುತ್ತದೆ. ಆದರೆ ಅದೇ ಪುಡಿಯಲ್ಲಿ ಎರಡನೆಯದು, ಮೂರನೆಯದು, ನಾಲ್ಕನೆಯದು... ಎಲ್ಲ ತಿಳಿ. ಮೇಸ್ತ್ರಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. "ಯಜಮಾನ್ರೇ, ಈ ಬಕೆಟ್ ತಳದಲ್ಲಿ ಒಂದು ಗೀರು ಇದೆ. ಇಷ್ಟು ವರ್ಷ ಕಂಡೇ ಇರಲಿಲ್ಲ."

ಮಾರ್ಚ್ 28, ಮಧ್ಯಾಹ್ನ

ತಪಾಸಣೆಯ ಮೇಡಂ ಬಂದು, ತಮ್ಮೆದುರೇ ಅದೇ ಪುಡಿಯಲ್ಲಿ ಏಳನೇ ಬಕೆಟ್ ಮಾಡಿಸಿದರು. ಎರಡು ಗಂಟೆ ಕೂತರು, ಎದ್ದರು, ಕೂತರು. ನಾನು ಕ್ಯಾಟಲಿಸ್ಟ್ ಈಸ್ ಎ ಎಂದು ಶುರು ಮಾಡಿದೆ, ಮಗಳು ಕಾಲು ತುಳಿದಳು. ಅವರು ಬಣ್ಣ ಅಳೆಯುವ ಮೀಟರ್ ಅದ್ದಿ ನೋಡಿ ಬರೆದುಕೊಂಡರು.

"ಬಕೆಟ್ ಸರಿ. ಇದನ್ನೇ ಕಾರ್ಖಾನೆ ತೊಟ್ಟೀಲಿ ಮಾಡಿ ತೋರಿಸಿ. ಮೂರು ತಿಂಗಳು ಕೊಡ್ತೀನಿ."

ಬೀಗ ಇಲ್ಲ. ಅವರು ಹೊರಟರು. ಆಮೇಲೆ ಮೇಸ್ತ್ರಿ, ಗೊಬ್ಬರಕ್ಕೆ ನಮ್ಮನೆ ಸಿಪ್ಪೆನೂ ತರ್ತೀನಿ ಅಂದ.

ತೊಟ್ಟಿಗೆ ಒಂದು ಗುಂಡಿ ಗೊಬ್ಬರ ಎಲ್ಲಿ ಸಾಲುತ್ತದೆ. ಇನ್ನೊಂದು ತೋಡಬೇಕು. ಮಗಳು ಹಾರೆ ಹಿಡಿದು ಹೊರಗೆ ನಿಂತಿದ್ದಾಳೆ, ಜಾಗ ನೀನೇ ಹೇಳು ಅಂತ. ಮರದ ಕಡೆ ಬೇಡ, ಬೇರು. ಇವಳಮ್ಮ ಒಮ್ಮೆ ಒಂದು ಜಾಗ ತೋರಿಸಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಗೋಡೆಯಿಂದ ನಾಲ್ಕು ಹೆಜ್ಜೆ... ಇಲ್ಲ, ಬಾವಿಯ ಈಚೆ... ತಡಿ, ಪೆನ್ನು ಇಟ್ಟು ಹೋಗಿ, ಅಲ್ಲೇ ನಿಂತು ನೋಡಿದರೆ ನೆನಪಾದೀತು.