ಅಕ್ಕ ಹುಡುಕಿಕೊಟ್ಟ ಕ್ಯಾಮೆರಾ

ಅಕ್ಕಾ,

ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ನಗುತ್ತೀಯ, ಅಭ್ಯಾಸಬಲದಿಂದ ನಾನೂ ನಕ್ಕುಬಿಡುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ಭಾವನಿಗೆ ತೋರಿಸುವುದು ಬಿಡುವುದು ನಿನಗೆ ಸೇರಿದ್ದು.

ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತವಳಿಗೆ, ತಲೆಯೆತ್ತಿ ಏನನ್ನಾದರೂ ನೋಡಬೇಕು ಅನ್ನಿಸಿತ್ತು. ಫೋಟೋ ಕಲಿಯೋಣವೆಂದು ಅಂಗಡಿಗೆ ಹೋದೆ. ಹತ್ತು ಕ್ಯಾಮೆರಾ ಮುಂದಿಟ್ಟು ಹತ್ತನ್ನೂ ಹೊಗಳಿದರು. ತಲೆ ಕೆಟ್ಟು ವಾಪಸ್ ಬಂದೆ. ಸ್ವಂತ ಅಕ್ಕ ಭಾವ ಸ್ಟುಡಿಯೋ ಇಟ್ಟುಕೊಂಡಿರುವಾಗ ಕಂಡವರನ್ನು ಕೇಳುವುದೇಕೆ ಎಂದು ನನ್ನ ದಡ್ಡತನಕ್ಕೆ ನಾನೇ ನಕ್ಕೆ. ನೀನು ಅಂದಿದ್ದೆ: "ನಿನ್ನ ಕೈಗೆಟಕೋ ಬೆಲೆಗೆ ಹೊಸದರಲ್ಲಿ ಆಟಿಕೆ ಸಿಗುತ್ತೆ, ಹಳೇದರಲ್ಲಿ ಕ್ಯಾಮೆರಾ ಸಿಗುತ್ತೆ. ನಾನು ಹುಡುಕಿಕೊಡ್ತೀನಿ ಬಿಡು."

ಎರಡು ವಾರಕ್ಕೆ ನೀನು ಹಳದಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟೆ. ಯಾರೋ ನಿವೃತ್ತ ಮೇಷ್ಟರದು, ಹೆಚ್ಚು ಬಳಸಿಲ್ಲ ಎಂದೆ. ನೀನು ಹೇಳಿದಷ್ಟು ದುಡ್ಡು ನಾನು ಕೊಟ್ಟೆ. ಅವತ್ತು ಮಧ್ಯಾಹ್ನ ಸ್ಟುಡಿಯೋದ ಬೆಂಚಿನ ಮೇಲೆ ಕೂರಿಸಿಕೊಂಡು, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿ, ಉಸಿರು ಬಿಟ್ಟು ಒತ್ತು ಎಂದು ಹಿಂದಿನಿಂದ ತೋಳು ಹಿಡಿದು ಕಲಿಸಿದೆ. ಚಿಕ್ಕಂದಿನಲ್ಲಿ ಸೈಕಲ್ ಕಲಿಸಿದ ಹಾಗೆ. ಉಳಿದದ್ದನ್ನೆಲ್ಲ ಸಿಟ್ಟಿನಲ್ಲಿ ಸುಟ್ಟುಬಿಡಬಲ್ಲೆ ಅಕ್ಕಾ, ಆ ಮಧ್ಯಾಹ್ನವನ್ನು ಏನು ಮಾಡಲಿ ಎಂಬುದೇ ತಿಳಿಯುತ್ತಿಲ್ಲ.

ಆ ವರ್ಷ ನಮ್ಮ ಆಸ್ಪತ್ರೆಯ ಹಳೇ ಕಟ್ಟಡ ಕೆಡವುವುದೆಂದು ತೀರ್ಮಾನವಾಯಿತು. ನಾನು ಬಿಡುವಾದಾಗಲೆಲ್ಲ ಅಲ್ಲಿನ ಒಂದೊಂದು ಮೂಲೆಯ ಫೋಟೋವನ್ನೂ ತೆಗೆದೆ. ಸವೆದ ಮೆಟ್ಟಿಲು, ಬಟ್ಟೆ ಒಗೆಯುವ ಕೋಣೆಯ ಹಬೆ, ಔಷಧಿ ಕೊಡುವ ಕಿಂಡಿಯ ಹಿಂದೆ ಮೂವತ್ತು ವರ್ಷ ನಿಂತ ಮನುಷ್ಯ. ಎಲ್ಲ ಚಿತ್ರಗಳ ಮೇಲೂ ನೀರು ಬೆರೆಸಿದ ಹಾಲು ಚೆಲ್ಲಿದಂಥ ಮಸುಕು. ನಮ್ಮ ಲ್ಯಾಬಿನ ಆಯಾಗೆ ಅವಳ ಫೋಟೋ ಕೊಟ್ಟರೆ ಕಿಟಕಿಯ ಹತ್ತಿರ ಹಿಡಿದು ನೋಡಿ, "ನನ್ನ ಕಣ್ಣಿಗೇ ಪೊರೆ ಬಂತೇನೋ ಅಂದ್ಕೊಂಡೆ ಕಣಮ್ಮ" ಅಂದಳು. ಅವಳ ಜೊತೆ ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಕ್ಯಾಮೆರಾದಲ್ಲೇ ಏನೋ ಐಬಿದೆಯಾ ಎಂದು ನಿನ್ನನ್ನು ಕೇಳಿದೆ. ನೀನು ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಆಮೇಲೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಿನ್ನ ಕೈ ನಡುಗುತ್ತೆ ಕಣೆ" ಎಂದೆ.

ನಾನು ನಂಬಿದೆ. ನೀನು ಹೇಳಿದ್ದನ್ನು ಯಾವತ್ತು ನಂಬಿಲ್ಲ ಹೇಳು? ಆಸ್ಪತ್ರೆಯವರ ಪ್ರದರ್ಶನಕ್ಕೆ ಕೊಟ್ಟಿದ್ದ ಚಿತ್ರಗಳನ್ನು ನಾನೇ ವಾಪಸ್ ತಂದೆ. ಕ್ಯಾಮೆರಾ ಬೀರು ಸೇರಿತು. ಅಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ರಕ್ತ ತೆಗೆಯಲು ಸೂಜಿ ಹಿಡಿದಾಗಲೂ ನನ್ನ ಕೈಯನ್ನೇ ನೋಡಿಕೊಳ್ಳತೊಡಗಿದೆ. ನೋಡಿದಷ್ಟೂ ನಡುಗುವಂತೆ ಕಾಣುತ್ತಿತ್ತು. ನರದ ಡಾಕ್ಟರಿಗೆ ತೋರಿಸಿದೆ. ಏನೂ ಇಲ್ಲವೆಂದರು, ನಾನು ಅವರನ್ನು ನಂಬಲಿಲ್ಲ. ಎಳೆಮಕ್ಕಳ ರಕ್ತ ತೆಗೆಯುವುದನ್ನು ಬೇರೆಯವರಿಗೆ ವಹಿಸಿ ಎಂದು ನಮ್ಮ ಮುಖ್ಯಸ್ಥೆಯನ್ನು ಕೇಳಿಕೊಂಡೆ. ಇಪ್ಪತ್ತು ವರ್ಷ ಅದಕ್ಕೇ ಹೆಸರಾದವಳು ನಾನು. ಇದು ನಿನಗೂ ಗೊತ್ತಿತ್ತು. "ವಯಸ್ಸಾಯ್ತಲ್ಲೇ" ಎಂದು ಸಮಾಧಾನ ಹೇಳಿದ್ದೆ.

ಹೋದ ತಿಂಗಳು ಆ ಕ್ಯಾಮೆರಾವನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ತೆಗೆದು ಒರೆಸುತ್ತಿದ್ದೆ. ಲೆನ್ಸಿನ ಒಳಗೆ ಧೂಳಿದೆಯೇನೋ ಎಂದು ಟಾರ್ಚ್ ಬಿಟ್ಟು ನೋಡಿದೆ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳು. ಲ್ಯಾಬಿನ ಗಾಜುಪಟ್ಟಿಗಳ ಮೇಲೆ ಇಂಥದ್ದನ್ನೇ ದಿನಾ ನೋಡುವವಳಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ. ಬೂಷ್ಟು.

ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಮುದುಕರು ಲೆನ್ಸಿನ ಬಳೆ ಬಿಚ್ಚಿ, ಒಳಗಿನ ಅಂಚಿನಲ್ಲಿದ್ದ ಸಣ್ಣ ಗುರುತು ನೋಡಿ ಕೈ ನಿಲ್ಲಿಸಿದರು. ಹಿಂದೊಮ್ಮೆ ರಿಪೇರಿಗೆ ಬಂದಾಗ ಅವರೇ ಹಾಕಿದ ಗುರುತು ಅದು. ಸ್ಟುಡಿಯೋದ ನಮ್ಮ ಭಾವ ಇದನ್ನು ತಂದಿದ್ದರೇ ಎಂದು ಕೇಳಿದೆ. ಹೌದು ಅಂದರೆ ತಡೆದುಕೊಳ್ಳಲು ಸಿದ್ಧಳಾಗಿದ್ದೆ.

"ಇಲ್ಲಮ್ಮ, ನಮ್ಮ ಸ್ಟುಡಿಯೋದ್ದೇ ಅಂತ ಮೇಡಮ್ಮೇ ತಂದಿದ್ರು. ಗಾಜನ್ನೇ ತಿಂದುಬಿಟ್ಟಿದೆ, ಇನ್ನು ಕ್ಲೀನ್ ಮಾಡಿದ್ರೂ ಹೋಗಲ್ಲ, ಯಾರಿಗೂ ಕೊಡಬೇಡಿ ಅಂತ ಹೇಳಿ ಕಳಿಸಿದ್ದೆ."

ಕೈ ನಡುಗಿದರೆ ಚಿತ್ರ ಎಳೆದಂತಾಗುತ್ತದಂತೆ, ಬೂಷ್ಟು ಹಿಡಿದರೆ ಬೆಳ್ಳಗೆ ಮಂಕಾಗುತ್ತದಂತೆ. ಎರಡೂ ಬೇರೆ ಬೇರೆ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಬೇರೆಯವರ ಫೋಟೋ ತಿದ್ದುವ ನಿನಗೆ ಇದು ತಿಳಿಯದೇ ಅಕ್ಕಾ? ಮೇಷ್ಟರು ಇರಲೇ ಇಲ್ಲ. ಅದು ನಿಮ್ಮ ಸ್ಟುಡಿಯೋದಲ್ಲೇ ಕೆಟ್ಟು ಕೂತಿದ್ದ ಮಾಲು.

ನಾನು ಫೋನ್ ಮಾಡಿದಾಗ ನೀನು, "ಹವ್ಯಾಸಕ್ಕೆ ತಾನೆ ಕಣೆ, ಅಷ್ಟಕ್ಕೆ ಅದು ಸಾಕಾಗಿತ್ತು" ಎಂದೆ. ಮೋಸಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು. ದುಡ್ಡಿನ ಅಡಚಣೆ ಎಂದಿದ್ದರೆ ಹಾಗೇ ಕೊಡುತ್ತಿದ್ದೆ. ಇದು ಕೆಟ್ಟಿದೆ, ಕೈ ಪಳಗಿಸಿಕೋ ಎಂದಿದ್ದರೆ ಕಣ್ಣಿಗೊತ್ತಿಕೊಂಡು ತರುತ್ತಿದ್ದೆ. ನಿನ್ನ ಸುಳ್ಳು ಉಳಿಸಿಕೊಳ್ಳಲು ನನ್ನ ಕೈಯ ಮೇಲೆ ನನಗಿದ್ದ ನಂಬಿಕೆಯನ್ನೇ ಕಿತ್ತುಕೊಂಡೆಯಲ್ಲ. ಆ ಕಟ್ಟಡ ಈಗಿಲ್ಲ. ಔಷಧಿ ಕಿಂಡಿಯವರು ಊರು ಬಿಟ್ಟರು. ಅವನ್ನೆಲ್ಲ ಮತ್ತೆ ತೆಗೆಯಲಾಗುವುದಿಲ್ಲ.

ಮರುದಿನವೇ ಮುಖ್ಯಸ್ಥೆಯ ಬಳಿ ಹೋಗಿ ಎಳೆಮಕ್ಕಳ ಕೆಲಸ ವಾಪಸ್ ಕೇಳಿದೆ. ಇಪ್ಪತ್ತು ದಿನದ ಕೂಸು, ಮೊದಲ ಸಲಕ್ಕೇ ರಕ್ತನಾಳ ಸಿಕ್ಕಿತು. ಅದರ ತಾಯಿ ನನ್ನ ಕೈ ಹಿಡಿದುಕೊಂಡಳು.

ಆ ವಾರ ಇನ್ನೊಂದು ಕ್ಯಾಮೆರಾ ಕೊಂಡೆ. ಈ ಸಲ ಯಾರನ್ನೂ ಕೇಳಲಿಲ್ಲ. ಹಿಡಿದು ನೋಡಿದೆ, ಕಣ್ಣು ಮುಚ್ಚಿಕೊಂಡು ಗುಂಡಿಗಳು ಬೆರಳಿಗೆ ಸಿಗುತ್ತವೆಯೇ ಎಂದು ತಡಕಿದೆ, ಲೆನ್ಸಿಗೆ ಟಾರ್ಚ್ ಬಿಟ್ಟೆ. ಅಂಗಡಿಯ ಬಾಗಿಲಿಗೆ ಬಂದು ಹೊರಗಿನ ರಸ್ತೆಯನ್ನೂ ಒಳಗಿನ ಕತ್ತಲ ಮೂಲೆಯನ್ನೂ ತೆಗೆದು ಅಲ್ಲೇ ದೊಡ್ಡದು ಮಾಡಿ ನೋಡಿದೆ. ಇದ್ದುದರಲ್ಲಿ ಅಗ್ಗದ್ದು, ಒಂದೇ ಲೆನ್ಸು. ನನಗೆ ಅಷ್ಟು ಸಾಕು ಎಂದು ನಾನೇ ತೀರ್ಮಾನಿಸಿದೆ. ಅದನ್ನು ನಾನು ಹೇಳುವುದಕ್ಕೂ ನೀನು ಹೇಳುವುದಕ್ಕೂ ವ್ಯತ್ಯಾಸವಿದೆ.

ಇಷ್ಟು ಬರೆದಿಟ್ಟು ಏಳುವಷ್ಟರಲ್ಲಿ ನಿನ್ನ ಮಗಳ ಫೋನು. ಕಾಲೇಜಿನ ಫೋಟೋ ಬಳಗ ಸೇರಿದ್ದಾಳಂತೆ. "ಚಿಕ್ಕಮ್ಮ, ಮೊದಲನೇ ಕ್ಯಾಮೆರಾ ತಗೋಬೇಕು, ನೀನೇ ಬಾ. ಅಮ್ಮನ್ನ ಕೇಳಿದ್ರೆ ಸ್ಟುಡಿಯೋದಲ್ಲಿರೋ ಹಳೇದೇ ಸಾಕು ಅಂತಾಳೆ" ಎಂದಳು. ಭಾನುವಾರ ಹೋಗುತ್ತಿದ್ದೇವೆ. ನನಗೆ ತಿಳಿದದ್ದನ್ನೆಲ್ಲ ಅವಳಿಗೆ ಹೇಳಿಕೊಡುತ್ತೇನೆ. ಈ ಕಥೆಯೊಂದನ್ನು ಹೇಳುವುದಿಲ್ಲ. ನಿನ್ನ ಮರ್ಯಾದೆ ಉಳಿಸಲಿಕ್ಕಲ್ಲ. ನಾನು ನಂಬಿದ್ದ ಹಾಗೆ ಅಕ್ಕರೆಯಿಂದ ನಿನ್ನನ್ನು ನಂಬುವವಳು ಅವಳೊಬ್ಬಳಾದರೂ ಇರಲಿ ಎಂದು. ಅವಳು ತೆಗೆದ ಚಿತ್ರ ತಂದು ತೋರಿಸಿದಾಗ, ಹೇಗಿದೆಯೋ ಹಾಗೆ ಹೇಳು.

ಸದ್ಯಕ್ಕೆ ನಾನು ಮನೆಗೆ ಬರಲಾರೆ. ನಿನ್ನ ಕಣ್ಣು ಚೆನ್ನಾಗಿರಲಿ, ಕೂತು ಕೂತು ಹಿಡಿದುಕೊಳ್ಳುವ ಬೆನ್ನು ಹಗುರವಾಗಲಿ.

ಇಂದಿಗೂ ನಿನ್ನ ತಂಗಿಯೇ ಆದ,
ನಾನು