ಖಾಲಿ ಬಿಟ್ಟಿದ್ದ ನಾಲ್ಕು ವರ್ಷ

೧೮ ನವೆಂಬರ್ ೨೦೨೫, ಮಂಗಳವಾರ

ರೆಸ್ಯೂಮೆ ಕಳಿಸಿಬಿಟ್ಟೆ.

ಬ್ರಹ್ಮಾವರದ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್ ಕೆಲಸ. ಬಿ.ಕಾಂ. ಮುಗಿಸಿದ ಮೇಲೆ ನಾಲ್ಕು ವರ್ಷ ನಾನು ನಮ್ಮೂರು ಕೋಡಿಯಲ್ಲಿ ಅಮ್ಮನ ಜೊತೆ ಮೀನು ಮಾರಿದೆ. ಆ ವರ್ಷಗಳನ್ನು ಖಾಲಿ ಬಿಟ್ಟು ಎರಡು ಕಡೆ ಅರ್ಜಿ ಹಾಕಿದ್ದೆ, ಉತ್ತರವೇ ಬರಲಿಲ್ಲ. “ಆ ಕಥೆಯನ್ನೇ ಬರಿ, ಮಾರಾಯ್ತಿ” ಎಂದಳು ಗೆಳತಿ ದಿವ್ಯಾ.

ಬರೆದೆ. ಲಾಕ್‌ಡೌನಿನಲ್ಲಿ ಮಾರ್ಕೆಟ್ ಮುಚ್ಚಿದಾಗ ಫೋನಿನಲ್ಲೇ ಆರ್ಡರ್ ಹಿಡಿದು, ಹನ್ನೊಂದು ಹೆಂಗಸರ ಮೀನನ್ನು ರಿಕ್ಷಾದಲ್ಲಿ ಮನೆಮನೆಗೆ ಮುಟ್ಟಿಸಿದ್ದು. ಮೊದಲ ದಿನ ಐಸ್ ಸಾಲದೆ ಎರಡು ಬುಟ್ಟಿ ಬಂಗುಡೆ ಕೊಳೆತದ್ದನ್ನೂ ಬರೆದೆ. ಬರೆಯಬಾರದಿತ್ತೇ?

ಅದಕ್ಕಿಂತ ಹೆಚ್ಚು ಚುಚ್ಚಿದ್ದು ‘ನಾನು’ ಎಂಬ ಪದ. ಸಂಜೆ, ಆ ಹನ್ನೊಂದು ಜನರಲ್ಲಿ ಹಿರಿಯರಾದ ಪದ್ದಕ್ಕನ ಮನೆಗೆ ಹೋದೆ.

“ನೀವೆಲ್ಲ ಮಾಡಿದ್ದನ್ನ ನಾನ್ ಮಾಡ್ದೆ ಅಂದೇಳಿ ಬರ್ದಿದ್ದೆ, ಪದ್ದಕ್ಕ.”

“ಹೆಣೆ, ದಿನಾ ಫೋನ್ ಹಿಡ್ಕಂಡ್ ಕೂಕಂಡದ್ ಯಾರ್? ನೀನೇ ಅಲ್ದಾ? ಅವ್ರ್ ಕೇಂಡ್ರೆ ನಾನೇ ಹೇಳ್ತೆ. ನನ್ನ ನಂಬರ್ ಕೊಡ್.”

ಕೊಟ್ಟೆ. ನನ್ನ ಬಗ್ಗೆ ವಿಚಾರಿಸಲು ಎಂದಿದ್ದ ಜಾಗದಲ್ಲಿ ಕಾಲೇಜಿನ ಸರ್ ಹೆಸರು ಅಳಿಸಿ ‘ಪದ್ದು, ಮೀನು ವ್ಯಾಪಾರ, ಕೋಡಿ’ ಎಂದು ಹಾಕಿ, ಆಮೇಲೆ ಕಳಿಸಿದೆ. ಅಲ್ಲಿಯ ಮ್ಯಾನೇಜರ್ ನಗಬಹುದು. ನಿಜವಾಗಿಯೂ ಫೋನ್ ಮಾಡಲೂಬಹುದು. ಯಾವುದಕ್ಕೆ ಹೆಚ್ಚು ಹೆದರಿದ್ದೇನೋ ತಿಳಿಯದು.

ಅಯ್ಯೋ, ಗುರುತಿಲ್ಲದ ನಂಬರನ್ನು ಪದ್ದಕ್ಕ ಎತ್ತುವುದೇ ಇಲ್ಲ! ಬೆಳಿಗ್ಗೆ ಅವರು ಬಂದರಿಗೆ ಹೊರಡುವ ಮೊದಲೇ ಹೋಗಿ, ಯಾವ ನಂಬರಿಂದ ಫೋನ್ ಬಂದರೂ ಎತ್ತಿ ಎಂದು ಹೇಳಬೇಕು.